ವಿಜಯಪುರ ಸೀಮೆಯ ಜನಚಲನೆ: ಗಣತಿಯ ಎರಡು ಅಂಕಣಗಳ ವಿಮರ್ಶೆ

೧

ಜಿಲ್ಲೆಯೊಂದರ ಜನಸ್ಥಿತಿಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಗಣತಿಯ ಎರಡು ಅಂಕಣಗಳಿಂದ ಹೊರಡುತ್ತಾರೆ. ಒಂದರ ತಲೆಬರಹ ‘ಗ್ರಾಮ’, ಇನ್ನೊಂದರ ತಲೆಬರಹ ‘ನಗರ’. ಹತ್ತು ವರ್ಷಗಳ ಅವಧಿಯಲ್ಲಿ ಮೊದಲನೆಯದರ ಪಾಲು ಎಷ್ಟು ಕುಗ್ಗಿತು, ಎರಡನೆಯದರ ಪಾಲು ಎಷ್ಟು ಹಿಗ್ಗಿತು ಎಂಬುದನ್ನು ಲೆಕ್ಕಹಾಕಿ, ಆ ಅಂತರಕ್ಕೆ ವಲಸೆಯೆಂದು ಹೆಸರಿಡುವುದು ವಾಡಿಕೆಯಾಗಿದೆ. ಹಳ್ಳಿ ಬರಿದಾಗುತ್ತಿದೆ, ನಗರ ತುಂಬುತ್ತಿದೆ ಎಂಬ ತೀರ್ಮಾನವು ಅಲ್ಲಿಂದ ಒಂದೇ ಹೆಜ್ಜೆಯ ದೂರದಲ್ಲಿರುತ್ತದೆ.

ವಿಜಯಪುರ ಜಿಲ್ಲೆಯ ವಿಷಯದಲ್ಲಿಯೂ ಹೀಗೆಯೇ ಆಗಿದೆ. ೨೦೧೧ರ ಗಣತಿಯಂತೆ ಜಿಲ್ಲೆಯ ಜನಸಂಖ್ಯೆ ೨೧,೭೭,೩೩೧. ಅದರಲ್ಲಿ ನಗರವಾಸಿಗಳು ನೂರಕ್ಕೆ ೨೩. ಇಡೀ ಕರ್ನಾಟಕದಲ್ಲಿ ಆ ಪ್ರಮಾಣ ನೂರಕ್ಕೆ ೩೮ಕ್ಕಿಂತ ಹೆಚ್ಚು. ಜಿಲ್ಲೆಯ ನಗರವಾಸಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ವಿಜಯಪುರ ನಗರವೊಂದರಲ್ಲಿಯೇ ಇದ್ದರು. ಈ ಅಂಕೆಗಳು ಸುಳ್ಳಲ್ಲ. ಆದರೆ ಇವುಗಳಿಂದ ಈ ಸೀಮೆಯ ಜನರ ನಡೆಯನ್ನು ಅರಿತೆವೆಂದು ಭಾವಿಸುವುದು ಸರಿಯೆ? ಪ್ರಕೃತ ಲೇಖನದ ಪ್ರಶ್ನೆ ಇಷ್ಟೇ. ಪರಿಶೀಲನೆಗಾಗಿ ವಿಜಯಪುರ ನಗರವನ್ನೂ, ಅದರ ಪಶ್ಚಿಮಕ್ಕೆ ಅಥಣಿಯ ಹಾದಿಯಲ್ಲಿರುವ ಟಿಕೋಟಾವನ್ನೂ, ಜಮಖಂಡಿಯ ಹಾದಿಯಲ್ಲಿರುವ ಬಬಲೇಶ್ವರವನ್ನೂ ಆರಿಸಿಕೊಳ್ಳಲಾಗಿದೆ. ಇವು ಮೂರೂ ಒಂದು ಕಾಲಕ್ಕೆ ಒಂದೇ ತಾಲೂಕಿಗೆ ಸೇರಿದ್ದವು.

ನಮ್ಮ ವಾದವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಸೀಮೆಯಲ್ಲಿ ಜನರನ್ನು ನಡೆಸುವ ಗೆರೆ ಹಳ್ಳಿಗೂ ನಗರಕ್ಕೂ ನಡುವೆ ಎಳೆದುದಲ್ಲ. ಅದು ನೀರುಂಡ ನೆಲಕ್ಕೂ ನೀರಿಲ್ಲದ ನೆಲಕ್ಕೂ ನಡುವೆ ಎಳೆದುದು. ಗಣತಿಯ ಅಂಕಣಗಳು ಮೊದಲನೆಯ ಗೆರೆಯನ್ನು ಮಾತ್ರ ಬಲ್ಲವು. ಆದುದರಿಂದ ಅವು ಸತ್ಯವನ್ನೇ ಹೇಳಿದರೂ ಬೇಕಾದ ಸತ್ಯವನ್ನು ಹೇಳುವುದಿಲ್ಲ.

೨

ಮೊದಲು ಶಬ್ದಗಳನ್ನು ನೋಡಬೇಕು. ನಮ್ಮ ಇಂದಿನ ಗ್ರಂಥಗಳಲ್ಲಿ ಎಲ್ಲ ಬಗೆಯ ಸ್ಥಳಾಂತರಕ್ಕೂ ‘ವಲಸೆ’ ಎಂಬ ಒಂದೇ ಮಾತು ಸಲ್ಲುತ್ತಿದೆ. ಆದರೆ ಕನ್ನಡದಲ್ಲಿ ಈ ಶಬ್ದಕ್ಕೆ ವಿಶಿಷ್ಟವಾದ ಅರ್ಥವಿತ್ತು. ದಂಡು ಬರುವ ಸುದ್ದಿ ತಿಳಿದೊಡನೆ ಊರಿಗೆ ಊರೇ ಕಾಳು ಕಡಿಗಳನ್ನು ಹುಗಿದಿಟ್ಟು, ದನಕರುಗಳನ್ನು ಹೊಡೆದುಕೊಂಡು ಅಡವಿಯನ್ನೋ ಕೋಟೆಯನ್ನೋ ಸೇರುತ್ತಿದ್ದುದಕ್ಕೆ ವಲಸೆಯೆಂದು ಹೆಸರು. ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ಶಬ್ದವನ್ನು ಹಾಗೆಯೇ ಎತ್ತಿಕೊಂಡು ವಿವರಿಸಿದ್ದಾನೆ. ಇದರಲ್ಲಿ ಎರಡು ಅಂಶಗಳು ಮುಖ್ಯ: ಹೊರಟವನು ಒಬ್ಬನಲ್ಲ, ಊರು, ಹೊರಟುದು ಮರಳುವ ಉದ್ದೇಶದಿಂದ.

‘ಗುಳೆ’ ಎಂಬುದು ಉತ್ತರ ಕರ್ನಾಟಕದಲ್ಲಿ ಇಂದಿಗೂ ಜೀವಂತವಾಗಿರುವ ಮಾತು. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು, ಹೆಂಡಿರು ಮಕ್ಕಳೊಡನೆ, ಮುದುಕರನ್ನು ಮನೆಗಾವಲಿಗೆ ಬಿಟ್ಟು ಹೊರಡುವುದು ಗುಳೆ. ಗುಳೆ ಹೋದವನ ಮನೆಗೆ ಬೀಗವಿರುತ್ತದೆ, ಹೊಲಕ್ಕೆ ಹೆಸರಿರುತ್ತದೆ; ಊರಿನ ಜಾತ್ರೆಗೆ ಅವನು ಬಂದೇ ಬರುತ್ತಾನೆ. ಇವೆರಡೂ ಅಲ್ಲದ ಮೂರನೆಯ ನಡೆಯೊಂದಿದೆ. ಮಕ್ಕಳ ವಿದ್ಯೆಗಾಗಿಯೋ ನೌಕರಿಗಾಗಿಯೋ ನಗರದಲ್ಲಿ ‘ಮನೆ ಮಾಡುವುದು’ ಅದು. ಜನರ ಮಾತಿನಲ್ಲಿ ಈ ಮೂರಕ್ಕೂ ಬೇರೆ ಬೇರೆ ಹೆಸರಿವೆ. ಗಣತಿಯ ಪರಿಭಾಷೆಯಲ್ಲಿ ಮೂರೂ ಒಂದೇ. ಜನಭಾಷೆಯು ಮರಳುವವನನ್ನೂ ಮರಳದವನನ್ನೂ ಪ್ರತ್ಯೇಕಿಸಿತ್ತು; ಶಾಸ್ತ್ರವು ಅವರನ್ನು ಕಲಸಿಬಿಟ್ಟಿತು.

೩

ವಿಜಯಪುರ ನಗರವು ಹಳ್ಳಿಗಳನ್ನು ನುಂಗಿ ಬೆಳೆಯಿತೆಂಬ ಮಾತನ್ನು ಚರಿತ್ರೆಯ ಒರೆಗೆ ಹಚ್ಚಿ ನೋಡಬೇಕು. ಆದಿಲಶಾಹಿ ಅರಸರ ರಾಜಧಾನಿಯಾಗಿ ಸುಮಾರು ಇನ್ನೂರು ವರ್ಷ ಮೆರೆದ ಈ ನಗರ ೧೬೮೬ರಲ್ಲಿ ಔರಂಗಜೇಬನ ವಶವಾಯಿತು. ಇಷ್ಟು ಕಡಿಮೆ ಮಳೆಯ ನಾಡಿನಲ್ಲಿ ಅಷ್ಟು ದೊಡ್ಡ ಜನಸಮುದಾಯ ನೆಲಸಿದ್ದುದು ನೀರಿನ ವ್ಯವಸ್ಥೆಯ ಬಲದಿಂದ. ತೊರವಿಯ ಕಡೆಯಿಂದ ಹರಿದುಬಂದ ಸುರಂಗ ಕಾಲುವೆ, ೧೬೨೦ರ ತಾಜಬಾವಡಿ, ೧೬೫೧ರ ಬೇಗಂ ತಾಲಾಬ, ಇವು ಆ ನಗರದ ನಿಜವಾದ ಆಧಾರಸ್ತಂಭಗಳು. ಎರಡನೆಯ ಇಬ್ರಾಹಿಮನು ೧೫೯೯ರಲ್ಲಿ ತೊರವಿಯ ಬಳಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸತೊಡಗಿದನು. ೧೬೨೪ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ಅರಸನ ಅಪ್ಪಣೆಯಿಂದ ನಗರ ಹುಟ್ಟಬಹುದು, ದಂಡಿನ ದಾಳಿಯಿಂದ ಅಳಿಯಬಹುದು ಎಂಬುದಕ್ಕೆ ಈ ಸೀಮೆಯಲ್ಲಿ ಹೊರಗಿನ ನಿದರ್ಶನ ಹುಡುಕಬೇಕಾಗಿಲ್ಲ.

ಆಂಗ್ಲರ ಆಳಿಕೆಯಲ್ಲಿಯೂ ಇದೇ ಸೂತ್ರ ಕೆಲಸ ಮಾಡಿತು. ೧೮೮೧ರಲ್ಲಿ ಈ ಊರಿನ ಜನಸಂಖ್ಯೆ ಕೇವಲ ೧೧,೪೨೪. ಆಗ ಜಿಲ್ಲೆಯ ಹೆಸರು ಕಲಾದಗಿ, ಮುಖ್ಯಸ್ಥಾನವೂ ಅದೇ. ೧೮೮೫ರಲ್ಲಿ ಕಚೇರಿಗಳು ವಿಜಾಪುರಕ್ಕೆ ಬಂದವು. ಅದೇ ಸುಮಾರಿಗೆ ಹೊಟಗಿ–ಗದಗ ರೈಲುಮಾರ್ಗವೂ ಬಂದಿತು. ೧೯೦೧ರ ವೇಳೆಗೆ ಊರಿನ ಜನ ೨೩,೮೧೧. ಎಂದರೆ ಇಪ್ಪತ್ತು ವರ್ಷಗಳಲ್ಲಿ ಇಮ್ಮಡಿಗಿಂತ ಅಧಿಕ. ಆದರೆ ಆ ಅವಧಿಯ ಕೊನೆಯ ಹತ್ತು ವರ್ಷಗಳಲ್ಲಿ ಬರಗಾಲಗಳ ಹೊಡೆತಕ್ಕೆ ಸಿಕ್ಕಿ ಇಡೀ ಜಿಲ್ಲೆಯ ಜನಸಂಖ್ಯೆ ನೂರಕ್ಕೆ ಎಂಟರಷ್ಟು ಇಳಿದು ೭,೩೫,೪೩೫ಕ್ಕೆ ಬಂದಿತ್ತು. ಅಂಕಣಗಳನ್ನಷ್ಟೇ ಓದುವವನು ಇಲ್ಲಿ ಹಳ್ಳಿಯ ಜನ ನಗರಕ್ಕೆ ಸರಿದರೆಂದು ಹೇಳುವನು. ನಗರಕ್ಕೆ ಹೆಚ್ಚಿದವರು ಹನ್ನೆರಡು ಸಾವಿರ. ಜಿಲ್ಲೆ ಕಳೆದುಕೊಂಡವರು ಅದರ ಐದು ಪಟ್ಟು. ಕಚೇರಿ, ಕೋರ್ಟು, ರೈಲು, ಪೇಟೆಗಳೊಡನೆ ಬಂದವರು ಬೇರೆ. ಬರದಲ್ಲಿ ಕಣ್ಮರೆಯಾದವರು ಬೇರೆ.

ಇದಕ್ಕೂ ಘೋರವಾದ ನಿದರ್ಶನ ೧೮೭೬–೭೮ರ ಬರ. ೧೮೭೨ರಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿದ್ದ ಜಿಲ್ಲೆಯ ಜನಸಂಖ್ಯೆ ೧೮೮೧ರಲ್ಲಿ ೬,೩೮,೪೯೩ಕ್ಕೆ ಇಳಿಯಿತು. ೧೮೮೪ರಲ್ಲಿ ಪ್ರಕಟವಾದ ಮುಂಬಯಿ ಇಲಾಖೆಯ ಗ್ಯಾಸೆಟಿಯರಿನ ಇಪ್ಪತ್ತಮೂರನೆಯ ಸಂಪುಟ ಈ ಜಿಲ್ಲೆಗೇ ಮೀಸಲಾದುದು. ಅದರ ಪರಿಶ್ರಮವನ್ನು ಯಾರೂ ಅಲ್ಲಗಳೆಯಲಾರರು. ಆದರೂ ಎರಡು ಗಣತಿಗಳ ನಡುವಣ ಅಂತರವೆಂಬ ಒಂದು ಸಂಖ್ಯೆಯಲ್ಲಿ ಸತ್ತವನೂ ಹೊರಟುಹೋದವನೂ ಒಂದೇ ಆಗಿಬಿಡುತ್ತಾರೆ. ಗುಳೆ ಹೋಗಿ ಬದುಕಿದವನನ್ನೂ ಗುಳೆ ಹೋಗಲಾರದೆ ಸತ್ತವನನ್ನೂ ಅಂಕೆ ಬೇರ್ಪಡಿಸಲಾರದು. ಬರಗಾಲದ ನಾಡಿನಲ್ಲಿ ಇದಕ್ಕಿಂತ ದೊಡ್ಡ ಭೇದ ಇನ್ನಾವುದಿದೆ?

ಗಡಿಗೆರೆಗಳ ಬದಲಾವಣೆಯಿಂದಾಗುವ ಗೊಂದಲವನ್ನು ಒಂದು ಮಾತಿನಲ್ಲಿ ಸೂಚಿಸಿದರೆ ಸಾಕು. ೧೯೯೧ರಲ್ಲಿ ಸುಮಾರು ೨೯ ಲಕ್ಷವಿದ್ದ ಜಿಲ್ಲೆ ೨೦೦೧ರಲ್ಲಿ ೧೮ ಲಕ್ಷವಾಯಿತು. ಹನ್ನೊಂದು ಲಕ್ಷ ಜನ ಎಲ್ಲಿಗೂ ಹೋಗಲಿಲ್ಲ. ೧೯೯೭ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು, ಅಷ್ಟೆ.

೪

ಈಗ ಟಿಕೋಟಾ, ಬಬಲೇಶ್ವರಗಳ ಕಡೆಗೆ ತಿರುಗೋಣ. ೨೦೧೧ರ ಗಣತಿಯಲ್ಲಿ ಇವೆರಡೂ ವಿಜಾಪುರ ತಾಲೂಕಿನ ಗ್ರಾಮಗಳು. ೨೦೧೭ರಲ್ಲಿ ಘೋಷಿತವಾದ ಹೊಸ ತಾಲೂಕುಗಳ ಪಟ್ಟಿಯಲ್ಲಿ ಸೇರಿ ಮರುವರ್ಷದಿಂದ ತಾಲೂಕು ಕೇಂದ್ರಗಳಾದವು. ವಿಧಾನಸಭೆಯ ಕ್ಷೇತ್ರಕ್ಕೆ ೨೦೦೮ರವರೆಗೆ ಟಿಕೋಟಾದ ಹೆಸರಿತ್ತು. ಆಮೇಲೆ ಬಬಲೇಶ್ವರದ ಹೆಸರು ಬಂದಿತು. ಹೀಗೆ ಹೆಸರೂ ಪದವಿಯೂ ಬದಲಾಗುತ್ತಿರುವ ಊರುಗಳು ಗ್ರಾಮವೊ ಪಟ್ಟಣವೊ ಎಂಬುದನ್ನು ನಿರ್ಣಯಿಸುವವರು ಯಾರು, ಯಾವ ಅಳತೆಯಿಂದ?

ಸರಕಾರದ ಅಧಿಸೂಚನೆಯಿಂದ ಪಟ್ಟಣವಾಗದ ಊರನ್ನು ಗಣತಿಯು ಪಟ್ಟಣವೆಂದು ಒಪ್ಪಬೇಕಾದರೆ ಮೂರು ಲಕ್ಷಣಗಳು ಬೇಕು: ಜನಸಂಖ್ಯೆ ಐದು ಸಾವಿರಕ್ಕೆ ಕಡಿಮೆಯಿರಬಾರದು; ಚದರ ಕಿಲೋಮೀಟರಿಗೆ ಕನಿಷ್ಠ ೪೦೦ ಜನ ಇರಬೇಕು; ದುಡಿಯುವ ಗಂಡಸರಲ್ಲಿ ನೂರಕ್ಕೆ ೭೫ ಜನವಾದರೂ ಬೇಸಾಯವಲ್ಲದ ಕಸುಬಿನಲ್ಲಿರಬೇಕು. ೧೯೬೧ರಲ್ಲಿ ದೇಶಕ್ಕೆಲ್ಲ ಒಂದೇ ಸಮನಾಗಿ ಈ ಬಗೆಯ ಕಟ್ಟುನಿಟ್ಟಿನ ಅಳತೆಯನ್ನು ತಂದಾಗ, ಜನಸಂಖ್ಯೆ ಏರಿದ್ದರೂ ದೇಶದಲ್ಲಿ ಪಟ್ಟಣಗಳ ಸಂಖ್ಯೆ ಹಿಂದಿನ ಗಣತಿಗಿಂತ ಕಡಿಮೆಯಾಯಿತು. ಊರುಗಳು ಅಳಿಯಲಿಲ್ಲ, ವ್ಯಾಖ್ಯೆ ಬದಲಾಯಿತು.

ಈ ಮೂರನೆಯ ಲಕ್ಷಣದಲ್ಲಿ ವಿಮರ್ಶಕನು ತಡೆದು ನಿಲ್ಲಬೇಕಾದ ಸಂಗತಿಗಳು ಎರಡು. ಮೊದಲನೆಯದು, ಹೆಂಗಸರ ದುಡಿಮೆಗೆ ಇಲ್ಲಿ ಎಡೆಯೇ ಇಲ್ಲ. ಊರಿನ ಸ್ವರೂಪವನ್ನು ಗೊತ್ತುಮಾಡುವಾಗ ಊರಿನ ಅರ್ಧ ಜನರ ಕೆಲಸ ಗಣನೆಗೆ ಬಾರದು. ಎರಡನೆಯದು ಇನ್ನೂ ವಿಚಿತ್ರವಾದುದು. ೧೯೬೧ ಮತ್ತು ೧೯೭೧ರ ಗಣತಿಗಳಲ್ಲಿ ಹಣ್ಣಿನ ತೋಟ, ನೆಡುತೋಪು, ಪಶುಪಾಲನೆ, ಮೀನುಗಾರಿಕೆ ಮುಂತಾದುವುಗಳಲ್ಲಿ ದುಡಿಯುವವರನ್ನು ಬೇಸಾಯವಲ್ಲದ ಕಸುಬಿನವರೆಂದು ಎಣಿಸುತ್ತಿದ್ದರು. ೧೯೮೧ರಿಂದ ಅವರನ್ನು ಬೇಸಾಯದವರ ಸಾಲಿಗೆ ಸೇರಿಸಿದರು. ಟಿಕೋಟಾ, ಬಬಲೇಶ್ವರಗಳ ಸುತ್ತಿನ ಇಂದಿನ ಬಾಳುವೆ ದ್ರಾಕ್ಷಿಯ ಪಡಗಳ ಮೇಲೆ ನಿಂತಿದೆ. ದ್ರಾಕ್ಷಿಯ ಪಡ ಹಣ್ಣಿನ ತೋಟವಲ್ಲವೆಂದು ಯಾರೂ ಹೇಳಲಾರರು. ಎಂದರೆ ಅದೇ ಬಳ್ಳಿ, ಅದೇ ಕತ್ತರಿ, ಅದೇ ಕೈ. ಒಂದು ದಶಕದ ಅಳತೆಯಲ್ಲಿ ಅದು ಊರನ್ನು ಪಟ್ಟಣದ ಕಡೆಗೆ ಒಯ್ಯುತ್ತದೆ, ಮರುದಶಕದ ಅಳತೆಯಲ್ಲಿ ಹಳ್ಳಿಯಾಗಿಯೇ ಉಳಿಸುತ್ತದೆ. ಹಣ್ಣನ್ನು ನೆರಳಿನ ಮನೆಯಲ್ಲಿ ಹಂತ ಹಂತದ ಬಲೆಗಳ ಮೇಲೆ ಹರಡಿ, ಒಣಗಿಸಿ, ಆರಿಸಿ, ಪೆಟ್ಟಿಗೆಗೆ ತುಂಬಿ ಮಣೂಕವಾಗಿ ಮಾರುವುದು ಬೇಸಾಯವೊ ಉದ್ಯಮವೊ? ತಾಸಗಾಂವ, ಸಾಂಗಲಿಗಳ ಪೇಟೆಗೂ ವಿಜಯಪುರದ ಪೇಟೆಗೂ ಸಾಗುವ ಈ ಸರಕಿನ ಹಿಂದೆ ತೂಕ, ಸಾಲ, ಶೀತಗೃಹ, ಲಾರಿ, ದಲಾಲಿ ಎಲ್ಲವೂ ಇವೆ. ನಗರದ ಲಕ್ಷಣಗಳೆಂದು ನಾವು ಓದುವ ಎಷ್ಟೋ ವ್ಯವಹಾರಗಳು ಹೊಲದ ಬದುವಿನಲ್ಲಿಯೇ ನಡೆಯುತ್ತಿವೆ.

೫

ಇದಕ್ಕಿಂತ ಗಂಭೀರವಾದುದು ಕಾಲದ ಪ್ರಶ್ನೆ. ೨೦೧೧ರ ಗಣತಿ ಫೆಬ್ರವರಿ ೯ರಿಂದ ೨೮ರವರೆಗೆ ನಡೆಯಿತು. ಉಲ್ಲೇಖದ ದಿನ ಮಾರ್ಚ್ ೧. ೨೦೨೧ರಲ್ಲಿ ನಡೆಯಬೇಕಾಗಿದ್ದ ಗಣತಿ ನಡೆಯಲಿಲ್ಲ. ಬಳಿಕ ೨೦೨೫ರ ಜೂನ್ ತಿಂಗಳ ಅಧಿಸೂಚನೆಯು ಮುಂದಿನ ಗಣತಿಗೆ ೨೦೨೭ರ ಮಾರ್ಚ್ ೧ನ್ನು ಉಲ್ಲೇಖದ ದಿನವಾಗಿ ಗೊತ್ತುಪಡಿಸಿತು. ದೇಶದ ಬಹುಭಾಗಕ್ಕೆ ಈ ಕಾಲ ಅನುಕೂಲವಾದುದೇ. ಆದರೆ ವಿಜಯಪುರ ಸೀಮೆಯಲ್ಲಿ ಫೆಬ್ರವರಿ ಎಂದರೇನು?

ಡೋಣಿಯ ಎರೆಭೂಮಿಯಲ್ಲಿ ಅದು ಬಿಳಿಜೋಳದ ಸುಗ್ಗಿ. ಜತ್ತ ಸೀಮೆಯಲ್ಲಿ ಹುಟ್ಟಿ ಸಾರವಾಡದ ಬದಿಯಲ್ಲಿ ಹರಿಯುವ ಈ ಹೊಳೆಯ ನೀರು ಉಪ್ಪು. ಆದರೆ ಅದರ ದಂಡೆಯ ಎರೆ ಹಸಿ ಹಿಡಿದ ವರ್ಷ ಜೋಳಕ್ಕೆ ಕೊರತೆಯಿಲ್ಲವೆಂಬುದು ಈ ನಾಡಿನ ಗಾದೆಯಾಗಿ ನಿಂತಿದೆ. ಮಡ್ಡಿಯ ನೆಲದಲ್ಲಿ, ಎಂದರೆ ಟಿಕೋಟಾದ ಸುತ್ತಿನ ಹಗುರವಾದ ಗರಸು ಭೂಮಿಯಲ್ಲಿ, ಅದು ದ್ರಾಕ್ಷಿ ಕೊಯ್ಯುವ ಮತ್ತು ಒಣಗಿಸುವ ಕಾಲ. ಹಿಂದೆ ಎರೆಯ ಒಡೆಯನು ಮಡ್ಡಿಯವನಿಗೆ ಹೆಣ್ಣು ಕೊಡಲು ಹಿಂದೆಗೆಯುತ್ತಿದ್ದನೆಂದರೆ ಆಶ್ಚರ್ಯವಿಲ್ಲ. ಇಂದು ಕೊಳವೆಬಾವಿಯೂ ಹನಿ ನೀರಾವರಿಯೂ ಮಡ್ಡಿಗೆ ಬೆಲೆ ತಂದಿವೆ. ಈ ತಿಂಗಳುಗಳಲ್ಲಿ ಅಲ್ಲಿಗೆ ಆಳು ಬೇಕು. ಪಕ್ಕದ ಒಣಬೇಸಾಯದ ಹಳ್ಳಿಗಳಿಂದ, ತಾಂಡಾಗಳಿಂದ ಹೆಂಗಸರು ದಿನಗೂಲಿಗೆ ಅಲ್ಲಿಗೆ ಹೋಗುತ್ತಾರೆ.

ಅದೇ ಫೆಬ್ರವರಿಯಲ್ಲಿ, ಅದೇ ಒಣ ಹಳ್ಳಿಗಳಿಂದ, ಅದೇ ತಾಂಡಾಗಳಿಂದ ಇನ್ನೊಂದು ಪಾಲು ಜನ ಪಶ್ಚಿಮ ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಲ್ಲಿರುತ್ತಾರೆ. ದಸರೆ–ದೀಪಾವಳಿಗಳ ಸುಮಾರಿಗೆ ಮುಕಾದಮನ ಮುಂಗಡ ಪಡೆದು ಟೋಳಿ ಕಟ್ಟಿಕೊಂಡು ಹೊರಟವರು ಕಾರಖಾನೆ ನುರಿಸುವುದು ನಿಂತ ಮೇಲೆ, ಯುಗಾದಿಯ ಹೊತ್ತಿಗೆ ಮರಳುತ್ತಾರೆ. ಗಂಡಹೆಂಡಿರ ಜೋಡಿಯನ್ನು ಒಂದು ‘ಕೊಯ್ತಾ’, ಎಂದರೆ ಒಂದು ಕುಡುಗೋಲು, ಎಂದು ಎಣಿಸಿ ಮುಂಗಡ ಕೊಡುವ ಪದ್ಧತಿ ಅಲ್ಲಿಯದು. ಮುಕಾದಮನ ಲೆಕ್ಕದಲ್ಲಿ ಇಬ್ಬರು ಒಂದಾಗುತ್ತಾರೆ. ಜೊತೆಗೆ ಹೋದ ಮಕ್ಕಳು ಯಾವ ಲೆಕ್ಕದಲ್ಲಿಯೂ ಇಲ್ಲ.

ಗಣತಿಯ ಲೆಕ್ಕದಲ್ಲಿ ಇವರ ಗತಿಯೇನು? ಗಣತಿಯ ಅವಧಿಯುದ್ದಕ್ಕೂ ಮನೆಯಿಂದ ದೂರವಿದ್ದವನನ್ನು ಅವನು ಸಿಕ್ಕ ಸ್ಥಳದಲ್ಲಿಯೇ ಎಣಿಸಬೇಕೆಂಬುದು ನಿಯಮ. ಹೊಲದಂಚಿನ ಗುಡಿಸಲು ಗಣತಿದಾರನ ಪಟ್ಟಿಯಲ್ಲಿದ್ದರೆ ಇವರು ಮಹಾರಾಷ್ಟ್ರದ ಜನರಾಗುತ್ತಾರೆ. ಆಗ ತವರು ಹಳ್ಳಿ ಬರಿದಾದಂತೆ ತೋರುತ್ತದೆ. ಊರಿನಲ್ಲಿ ಉಳಿದ ಮುದುಕರು ಮಗನ ಹೆಸರನ್ನೂ ಸೊಸೆಯ ಹೆಸರನ್ನೂ ಬರೆಸಿದರೆ ಇವರು ಎಲ್ಲಿಗೂ ಹೋಗದವರಾಗುತ್ತಾರೆ. ಆಗ ಐದು ತಿಂಗಳ ಯಾತನೆ ಕಾಗದದ ಮೇಲಿಂದ ಅಳಿದುಹೋಗುತ್ತದೆ. ಎರಡೂ ಕಡೆ ಬರೆದರೆ ಇಮ್ಮಡಿ, ಎಲ್ಲಿಯೂ ಬರೆಯದಿದ್ದರೆ ಶೂನ್ಯ. ಯಾವ ದಾರಿಯಲ್ಲಿ ಹೋದರೂ ಹೋಗಿಬರುವವನು ಹೋಗಿಬರುವವನಾಗಿ ಕಾಣಿಸುವುದಿಲ್ಲ. ೨೦೨೦ರ ಮಾರ್ಚ್ ೨೫ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಮಹಾರಾಷ್ಟ್ರದಿಂದಲೂ ಗೋವೆಯಿಂದಲೂ ಬೆಂಗಳೂರಿನಿಂದಲೂ ಈ ಜಿಲ್ಲೆಗೆ ಜನ ತಿರುಗಿ ಬಂದರು. ಅಂಕಣಗಳು ಹತ್ತು ವರ್ಷ ಮುಚ್ಚಿಟ್ಟುದನ್ನು ಕೆಲವು ವಾರಗಳ ರಸ್ತೆ ತೋರಿಸಿಕೊಟ್ಟಿತು.

ಗಮನಿಸತಕ್ಕ ಇನ್ನೊಂದು ವಿಷಯವಿದೆ. ಈ ನಡೆ ಹಳ್ಳಿಯಿಂದ ನಗರಕ್ಕಲ್ಲ, ಹಳ್ಳಿಯಿಂದ ಹಳ್ಳಿಗೆ. ಆದರೆ ಹೊರಟ ಹಳ್ಳಿಗೆ ನೀರಿಲ್ಲ, ತಲುಪಿದ ಹಳ್ಳಿಗೆ ಕೃಷ್ಣೆಯ ನೀರಿದೆ. ಟಿಕೋಟಾದ ಪಡಕ್ಕೆ ಬರುವ ಕೂಲಿಯವಳ ನಡೆಯೂ ಹೀಗೆಯೇ. ೨೦೧೧ರಲ್ಲಿ ಗಣತಿಯವರು ದುಡಿಮೆಯ ಸ್ಥಳಕ್ಕೆ ಎಷ್ಟು ದೂರ, ಹೇಗೆ ಹೋಗುತ್ತೀರಿ ಎಂದು ಕೇಳಿದರು. ಆದರೆ ಆ ಪ್ರಶ್ನೆ ಬೇಸಾಯದವರಿಗೂ ಕೃಷಿಕೂಲಿಗಳಿಗೂ ಅನ್ವಯಿಸಲಿಲ್ಲ. ನಗರದ ಅಂಚಿನಿಂದ ಬೆಳಗ್ಗೆ ಟಂಟಂ ಏರಿ ತೋಟಕ್ಕೆ ಹೋಗುವ ಹೆಂಗಸು ಯಾವ ಕೋಷ್ಟಕದಲ್ಲಿಯೂ ಸೇರಲಿಲ್ಲ. ಹಳ್ಳಿಯವರು ನಗರಕ್ಕೆ ದುಡಿಯಲು ಹೋಗುವುದನ್ನು ಶಾಸ್ತ್ರ ಕಲ್ಪಿಸಿಕೊಂಡಿತ್ತು. ನಗರದವರು ಹಳ್ಳಿಗೆ ಕೂಲಿಗೆ ಹೋಗುವುದನ್ನು ಕಲ್ಪಿಸಿಕೊಂಡಿರಲಿಲ್ಲ.

೬

ಹುಟ್ಟಿದ ಊರು ಯಾವುದು, ಹಿಂದೆ ಇದ್ದ ಊರು ಯಾವುದು ಎಂಬ ಪ್ರಶ್ನೆಗಳಿಂದ ಗಣತಿಯು ವಲಸೆಗಾರರನ್ನು ಗುರುತಿಸುತ್ತದೆ. ಮೊದಲನೆಯ ಪ್ರಶ್ನೆ ಹಳೆಯದು, ಎರಡನೆಯದು ೧೯೭೧ರಿಂದ ಬಂದುದು. ಕಾರಣವನ್ನು ಕೇಳತೊಡಗಿದುದು ೧೯೮೧ರಿಂದ. ಈ ಕೋಷ್ಟಕಗಳಲ್ಲಿ ನಮ್ಮ ದೇಶದ ವಲಸೆಗಾರರ ಬಹುಸಂಖ್ಯೆ ಹೆಂಗಸರದು, ಅವರ ಕಾರಣ ಮದುವೆ. ಅನೇಕ ಲೇಖಕರು ಇದನ್ನು ಲೆಕ್ಕಕ್ಕೆ ಬಾರದ ವಲಸೆಯೆಂದು ಬದಿಗೊತ್ತಿ ಗಂಡಸರ ನೌಕರಿಯ ಕಡೆಗೆ ಸರಿಯುತ್ತಾರೆ. ಇದು ಉಚಿತವಲ್ಲ. ಈ ಜಿಲ್ಲೆಯ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಪ್ರಕಟಿಸಿದ್ದು ೧೯೩೧ರಲ್ಲಿ. ದೇಶದ ಗಣತಿ ನಡೆದುದೂ ಅದೇ ವರ್ಷ. ತವರು ಬಿಟ್ಟು ಬಂದವಳ ಮನಸ್ಸನ್ನು ಬೀಸುಕಲ್ಲಿನ ಮುಂದೆ ಹಾಡಾಗಿಸಿದ ಆ ತ್ರಿಪದಿಗಳು ಸ್ಥಳಾಂತರದ ಸಾಹಿತ್ಯವೇ ಸರಿ. ಗಣತಿಯು ಅವಳ ಊರನ್ನು ಬರೆದುಕೊಂಡಿತು, ಹಲಸಂಗಿಯವರು ಅವಳ ಮಾತನ್ನು ಬರೆದುಕೊಂಡರು. ಜನಚಲನೆಯನ್ನು ಅಭ್ಯಸಿಸುವವನಿಗೆ ಇವೆರಡೂ ಮೂಲಸಾಮಗ್ರಿಗಳು. ಒಂದನ್ನು ಶಾಸ್ತ್ರವೆಂದೂ ಇನ್ನೊಂದನ್ನು ವಿನೋದವೆಂದೂ ತಿಳಿಯುವುದು ತಪ್ಪು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ಸಂಪ್ರದಾಯ. ಟಿಕೋಟಾದ ಸೊಸೆ ಬಬಲೇಶ್ವರದ ತವರಿಗೆ ಹೋಗಿ ಹೆತ್ತು ಕೂಸನ್ನೆತ್ತಿಕೊಂಡು ಬಂದರೆ, ಜನ್ಮಸ್ಥಳದ ಲೆಕ್ಕದಲ್ಲಿ ಆ ಕೂಸು ವಲಸೆಗಾರ. ಇಂದು ಹೆರಿಗೆ ವಿಜಯಪುರದ ಆಸ್ಪತ್ರೆಯಲ್ಲಿ ಆಗುವುದೇ ಹೆಚ್ಚು; ಆಗ ಅದು ನಗರದಿಂದ ಗ್ರಾಮಕ್ಕೆ ವಲಸೆ ಬಂದ ಕೂಸು! ೨೦೦೧ರಿಂದ ‘ಹುಟ್ಟಿದ ಬಳಿಕ ಬಂದದ್ದು’ ಎಂಬ ಕಾರಣವನ್ನು ಪ್ರತ್ಯೇಕವಾಗಿ ಸೇರಿಸಿದುದು ಈ ದೋಷ ಗಣತಿಯವರಿಗೂ ಹೊಳೆದಿತ್ತೆಂಬುದಕ್ಕೆ ಸಾಕ್ಷಿ.

ಗಡಿಯ ಮಾತೂ ಹೀಗೆಯೇ. ಟಿಕೋಟಾದ ಪಶ್ಚಿಮಕ್ಕೆ ಸಾಂಗಲಿ ಜಿಲ್ಲೆಯ ಜತ್ತ ತಾಲೂಕು; ಅದರ ಪೂರ್ವಭಾಗದ ಹಳ್ಳಿಗಳ ಮನೆಮಾತು ಕನ್ನಡ. ೧೯೪೮ರವರೆಗೆ ಜತ್ತ ಒಂದು ಸಂಸ್ಥಾನ. ೧೯೫೬ರಲ್ಲಿ ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಿತು, ಜತ್ತ ಆ ಕಡೆ ಉಳಿಯಿತು. 
ಅಲ್ಲಿಂದ ಟಿಕೋಟಾಕ್ಕೆ ಬಂದ ಸೊಸೆ, ಹತ್ತಾರು ಕಿಲೋಮೀಟರಿನ ನಡೆಗೆ, ಅಂತರರಾಜ್ಯ ವಲಸೆಗಾರ್ತಿ. ಜಿಲ್ಲೆಯ ಮೂಡಣ ತುದಿಯ ತಾಳಿಕೋಟೆಯಿಂದ ಬಂದವಳು ಜಿಲ್ಲೆಯೊಳಗಿನವಳು. ಆದರೆ ಬರ ಬಂದಾಗ ಜತ್ತದವನೂ ಟಿಕೋಟಾದವನೂ ಹಿಡಿಯುವ ದಾರಿ ಒಂದೇ. ರಾಜಧಾನಿ ಮುಂಬಯಿಯಿಂದ ಬೆಂಗಳೂರಿಗೆ ಬದಲಾದರೂ ದುಡಿಮೆಯ ದಾರಿ ಸೊಲ್ಲಾಪುರ, ಸಾಂಗಲಿ, ಪುಣೆ, ಮುಂಬಯಿಗಳ ಕಡೆಗೇ ಬಹುಕಾಲ ಹರಿಯಿತು. ೨೦೨೨ರ ಕೊನೆಯಲ್ಲಿ ಜತ್ತದ ಗಡಿಹಳ್ಳಿಗಳ ಪ್ರಶ್ನೆ ಮತ್ತೆ ಎದ್ದಾಗಲೂ ಅಲ್ಲಿಯವರ ಮುಖ್ಯವಾದ ಅಳಲು ನೀರಿನದೇ ಆಗಿತ್ತೆಂಬುದನ್ನು ಮರೆಯಬಾರದು.

೭

ನೀರಿನ ಗೆರೆಯೇ ಮುಖ್ಯವೆಂದು ಹೇಳಿದ ಮೇಲೆ ಅದಕ್ಕೆ ಬರಬಹುದಾದ ಆಕ್ಷೇಪಗಳಿಗೂ ಉತ್ತರ ಹೇಳಬೇಕು. ಬಬಲೇಶ್ವರದ ಹತ್ತಿರದ ಮಮದಾಪುರದಲ್ಲಿ ಆದಿಲಶಾಹಿ ಕಾಲದ ದೊಡ್ಡ ಕೆರೆಯಿದೆ. ಮುಳವಾಡ ಮತ್ತು ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರನ್ನೆತ್ತಿ ಈ ಭಾಗದ ಕೆರೆಗಳನ್ನು ತುಂಬಿಸುವ ಕಾರ್ಯ ಕಳೆದ ಹತ್ತಾರು ವರ್ಷಗಳಲ್ಲಿ ನಡೆದಿದೆ. ಹಾಗಾದರೆ ಗುಳೆ ನಿಲ್ಲಬೇಕಲ್ಲವೆ ಎಂದು ಕೇಳಬಹುದು. ನೀರು ಹೊಲವುಳ್ಳವನನ್ನು ಹಿಡಿದು ನಿಲ್ಲಿಸುತ್ತದೆ. ಹೊಲವಿಲ್ಲದವನನ್ನು ಹಿಡಿದು ನಿಲ್ಲಿಸುವುದು ಕೂಲಿ. ಪಡದಲ್ಲಿ ಬಳ್ಳಿ ಸವರುವುದು, ಗೊಂಚಲು ತಿದ್ದುವುದು, ಕೊಯ್ಯುವುದು ಇವು ಕೆಲವು ವಾರಗಳ ಕೆಲಸಗಳು. ಉಳಿದ ದಿನಗಳಿಗೆ ಅವನಿಗೆ ಮುಂಗಡವೇ ಗತಿ. ಇದೇ ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಿದಾಗ ಹಿನ್ನೀರಿನ ಹಳ್ಳಿಗಳು ಮನೆಮಾರು ಬಿಡಬೇಕಾಯಿತು. ಆದ್ದರಿಂದ ನೀರು ಜನರನ್ನು ನಿಲ್ಲಿಸುತ್ತದೆ, ಕರೆಯುತ್ತದೆ, ಎಬ್ಬಿಸಿ ಕಳಿಸುತ್ತದೆ. ಈ ಮೂರೂ ನಡೆಗಳು ಹಳ್ಳಿ–ನಗರದ ಅಂಕಣಗಳಿಗೆ ಹೊರಗಿನವು.

ನಗರದ ಆಕರ್ಷಣೆ ಇಲ್ಲವೆಂದು ಇದರ ಅರ್ಥವಲ್ಲ. ಡಾ. ಫ. ಗು. ಹಳಕಟ್ಟಿಯವರಂಥ ಹಿರಿಯರ ಶ್ರಮದಿಂದ ೧೯೧೦ರಲ್ಲಿ ಹುಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಯಿಂದ ಹಿಡಿದು ೨೦೦೩ರ ಮಹಿಳಾ ವಿಶ್ವವಿದ್ಯಾಲಯದವರೆಗೆ ವಿದ್ಯೆಯು ಹಳ್ಳಿಯ ಮಕ್ಕಳನ್ನು ವಿಜಯಪುರಕ್ಕೆ ಕರೆದಿದೆ. ಆದರೆ ಟಿಕೋಟಾ, ಬಬಲೇಶ್ವರಗಳಿಂದ ಬರುವವರಲ್ಲಿ ಅನೇಕರು ಬೆಳಗ್ಗೆ ಬಂದು ಸಂಜೆ ಮರಳುವವರು. ೨೦೨೩ರ ಜೂನಿನಿಂದ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟು ಇಲ್ಲದಾದ ಮೇಲೆ ಈ ಹೋಗಿಬರುವಿಕೆ ಇನ್ನಷ್ಟು ಸುಲಭವಾಗಿದೆ. ನಗರದಲ್ಲಿ ಮನೆ ಮಾಡಿದವನು ವಲಸೆಗಾರನೆನಿಸುತ್ತಾನೆ. ನಗರದಲ್ಲಿಯೇ ಹಗಲೆಲ್ಲ ಕಳೆದು ಹಳ್ಳಿಯಲ್ಲಿ ಮಲಗುವವಳು ಗ್ರಾಮವಾಸಿಯಾಗಿ ಉಳಿಯುತ್ತಾಳೆ.

ಗಣತಿಯನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಇಡೀ ದೇಶದ ಜನರನ್ನು ಹತ್ತು ವರ್ಷಕ್ಕೊಮ್ಮೆ ಒಂದೇ ಅಳತೆಯಿಂದ ಎಣಿಸುವ ಈ ಕಾರ್ಯ ಲೋಕದ ದೊಡ್ಡ ವಿದ್ವತ್ಕಾರ್ಯಗಳಲ್ಲೊಂದು. ಅಂಕೆಗಳನ್ನು ಕೊಟ್ಟವರಿಗಿಂತ ಓದಿದವರ ಹೊಣೆ ದೊಡ್ಡದು. ಓದಿನಲ್ಲಿ ತಪ್ಪಾದರೆ ಉಪಾಯದಲ್ಲಿ ತಪ್ಪಾಗುತ್ತದೆ. ಜನ ನಗರಕ್ಕೆ ನುಗ್ಗುತ್ತಿದ್ದಾರೆಂದು ಓದಿದವನು ನಗರದಲ್ಲಿ ಬಡಾವಣೆ ಹಾಕುತ್ತಾನೆ. ಜನ ಒಣ ನೆಲದಿಂದ ನೀರುಂಡ ನೆಲಕ್ಕೆ ಹೋಗಿಬರುತ್ತಿದ್ದಾರೆಂದು ಓದಿದವನು, ಟೋಳಿಯೊಡನೆ ಹೋದ ಮಕ್ಕಳಿಗೆ ಆ ಐದು ತಿಂಗಳು ಊರಿನಲ್ಲಿಯೇ ಊಟ ವಸತಿಗಳುಳ್ಳ ಶಾಲೆ ಬೇಕೆಂದೂ, ಸುಗ್ಗಿ ಮುಗಿದ ಹಳ್ಳಿಯಲ್ಲಿ ಕೂಲಿ ಬೇಕೆಂದೂ ಹೇಳುತ್ತಾನೆ. ಯಾವ ಓದು ಸರಿಯೆಂಬುದು ಪಂಡಿತರ ವಾದವಾಗಿ ಮುಗಿಯುವುದಿಲ್ಲ. ಅದರ ಫಲವನ್ನು ಅನುಭವಿಸುವವರು ಬೇರೆ ಇದ್ದಾರೆ.

ಸಾಧನ ನಮ್ಮ ಕೈಯಲ್ಲಿಯೇ ಇದೆ. ಜಿಲ್ಲಾ ಗಣತಿ ಕೈಪಿಡಿಯ ಒಂದು ಭಾಗದಲ್ಲಿ ಪ್ರತಿಯೊಂದು ಗ್ರಾಮದ ನೀರಾವರಿ ಭೂಮಿಯ ವಿಸ್ತೀರ್ಣವನ್ನು ಕೊಡಲಾಗಿದೆ. ಇನ್ನೊಂದು ಭಾಗದಲ್ಲಿ ಅದೇ ಗ್ರಾಮದ ಜನಸಂಖ್ಯೆ ಮತ್ತು ದುಡಿಮೆಗಾರರ ವಿವರವಿದೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಟಿಕೋಟಾ, ಬಬಲೇಶ್ವರ ತಾಲೂಕುಗಳ ಹಳ್ಳಿಗಳನ್ನು ‘ಗ್ರಾಮ’ವೆಂಬ ಒಂದೇ ಅಂಕಣದಿಂದ ಬಿಡಿಸಿ, ನೀರಿನ ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸಿದರೆ ಹೊಸ ಕೋಷ್ಟಕವೊಂದು ಸಿದ್ಧವಾಗುತ್ತದೆ. ಇದರೊಡನೆ ಆಶ್ವಯುಜದಲ್ಲಿ ಹೊರಟವರನ್ನೂ ಚೈತ್ರದಲ್ಲಿ ಮರಳಿದವರನ್ನೂ ಗ್ರಾಮ ಪಂಚಾಯಿತಿಗಳು ವರ್ಷವರ್ಷವೂ ಬರೆದಿಟ್ಟರೆ, ಹತ್ತು ವರ್ಷಕ್ಕೊಮ್ಮೆ ಬರುವ ಫೆಬ್ರವರಿಯ ಮೇಲೆಯೇ ಎಲ್ಲ ಭಾರವನ್ನೂ ಹೊರಿಸಬೇಕಾಗುವುದಿಲ್ಲ. ಮುಂದಿನ ಗಣತಿಯ ಅಂಕೆಗಳು ಕೈಸೇರುವ ಮೊದಲು ಹಳೆಯ ಅಂಕೆಗಳಿಂದಲೇ ಈ ಕೋಷ್ಟಕವನ್ನು ಕಟ್ಟಿಡುವುದು ಈ ಭಾಗದ ವಿದ್ಯಾರ್ಥಿಗಳು ಕೈಕೊಳ್ಳಬಹುದಾದ ಕೆಲಸ.